ಕೇಪಳದ ಎಲೆ ಹಳದಿಯಾಗಿದೆಯಾ? ಗೊಬ್ಬರದ ಚೀಲ ಆಮೇಲೆ ಬಿಚ್ಚಿ

ಕಾಂಪೌಂಡ್ ಗೋಡೆಯ ಪಕ್ಕ ಸಾಲಾಗಿ ಹನ್ನೊಂದು ಕೇಪಳದ ಗಿಡ ನೆಟ್ಟಿದ್ದೆ. ನರ್ಸರಿಯವರು ಮಿನಿ ಇಕ್ಸೋರಾ ಅಂತಾರೆ, ಕೆಲವರು ಗುಡ್ಡೆದಾಸಾಳ ಅಂತಾರೆ. ಮೊಣಕಾಲೆತ್ತರದ, ವರ್ಷವಿಡೀ ಹಸಿರಾಗಿರುವ ಪೊದೆ. ಅಂದರೆ, ಹಸಿರಾಗಿರಬೇಕಾದ ಪೊದೆ. ಜೂನ್‌ನಲ್ಲಿ ತಂದಾಗ ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ದೀಪಾವಳಿ ಹೊತ್ತಿಗೆ ಸಾಲಿನಲ್ಲಿ ಹತ್ತು ಗಿಡ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಹಬ್ಬಕ್ಕೆ ಪುತ್ತೂರಿನಿಂದ ಬಂದ ಅತ್ತೆ ಬ್ಯಾಗು ಕೆಳಗಿಡುವ ಮೊದಲೇ ಕೇಳಿದರು, "ಇದೆಂತ ಮಾರಾಯ್ತಿ, ನಿನ್ನ ಕೇಪಳಕ್ಕೆ ಅರಶಿನ ಕಾಮಾಲೆಯಾ?"

ಅವರಿಗೆ ನಗು ಬಂದದ್ದು ಸರಿಯೇ. ಅವರ ಊರಲ್ಲಿ ಕೇಪಳಕ್ಕೆ ಯಾರೂ ನೀರು ಹಾಕುವುದಿಲ್ಲ. ಗುಡ್ಡದಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಂದಿಯಲ್ಲಿ ತಾನಾಗಿ ಬೆಳೆಯುತ್ತದೆ. ಮಕ್ಕಳು ಹಣ್ಣು ತಿಂತಾರೆ, ಹೂವು ದೇವಿ ಪೂಜೆಗೆ ಹೋಗುತ್ತದೆ, ಕುಡಿ ತಂಬುಳಿಗೆ. ಅಂಥ ಗಿಡ ಬೆಂಗಳೂರಿನ ನನ್ನ ಅಂಗಳದಲ್ಲಿ ದಿನಾ ನೀರು ಕುಡಿದು, ಗೊಬ್ಬರ ತಿಂದು ಸೊರಗುತ್ತಿತ್ತು.

ಅತ್ತೆ ಸಾಲಿನ ಕೊನೆಯ ಗಿಡದ ಹತ್ತಿರ ನಿಂತರು. ಅದೊಂದೇ ಹಸಿರಾಗಿತ್ತು.

"ಇದಕ್ಕೆ ಎಂತ ಹಾಕಿದ್ದಿ?"

"ಏನೂ ಹಾಕಿಲ್ಲ ಅತ್ತೆ. ಅಲ್ಲಿ ಟೆರೇಸಿನ ಪೈಪಿಂದ ಮಳೆನೀರು ಬೀಳುತ್ತೆ, ಅಷ್ಟೇ."

"ಮತ್ತೆ ಉಳಿದದ್ದಕ್ಕೆ?"

"ಬೋರ್ ನೀರು."

ಉತ್ತರ ಅಲ್ಲೇ ಇತ್ತು, ನನ್ನ ಬಾಯಿಂದಲೇ ಬಂದಿತ್ತು. ಆದರೂ ನಾನು ಒಳಗೆ ಹೋಗಿ ಡಿಎಪಿ ಗೊಬ್ಬರ ತರಿಸಿದೆ. ಅಲ್ಲಿಂದ ಮುಂದಿನ ಆರು ತಿಂಗಳು ತಪ್ಪು ಮದ್ದು ಹಾಕುವುದರಲ್ಲೇ ಹೋಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಯಾವ ಎಲೆ ಹಳದಿ?

"ಎಲೆ ಹಳದಿಯಾಗಿದೆ" ಅಂದರೆ ಅರ್ಧ ಮಾತು. ಜ್ವರ ಬಂದಿದೆ ಅಂದ ಹಾಗೆ. ಒಂದು ಕೊಂಬೆ ಹಿಡಿದು ತುದಿಯಿಂದ ಬುಡದವರೆಗೆ ಎಲೆಗಳನ್ನು ನೋಡಿ.

ತುದಿಯ ಹೊಸ ಎಲೆ ಹಳದಿ, ಅದರ ನರಗಳು ಮಾತ್ರ ಹಸಿರು, ಹಸಿರು ಶಾಯಿಯಲ್ಲಿ ಬಲೆ ಬರೆದ ಹಾಗಿದೆ, ಕೆಳಗಿನ ಹಳೆ ಎಲೆ ಚೆನ್ನಾಗಿದೆ. ಇದು ಕಬ್ಬಿಣ ಸಿಗದ ಲಕ್ಷಣ. ಎಲೆಯ ಹಸಿರು ತಯಾರಾಗಬೇಕಾದರೆ ಕಬ್ಬಿಣ ಬೇಕು, ಆದರೆ ಗಿಡ ಒಮ್ಮೆ ಹಳೆ ಎಲೆಗೆ ಕೊಟ್ಟ ಕಬ್ಬಿಣವನ್ನು ವಾಪಸ್ ತೆಗೆದು ಹೊಸ ಎಲೆಗೆ ಕೊಡಲಾರದು. ಹಾಗಾಗಿ ಬೇರಿನಿಂದ ಬರುವುದು ನಿಂತ ದಿನದಿಂದ ಹುಟ್ಟುವ ಎಲೆಗಳೆಲ್ಲ ಬಿಳಿಚಿಕೊಂಡೇ ಹುಟ್ಟುತ್ತವೆ. ಜೋರಾದರೆ ನರದ ಹಸಿರೂ ಹೋಗಿ ಎಲೆ ಕೆನೆ ಬಣ್ಣಕ್ಕೆ ಬರುತ್ತದೆ, ಅಂಚು ಸುಟ್ಟ ಹಾಗೆ ಕಂದಾಗುತ್ತದೆ. ಮ್ಯಾಂಗನೀಸ್ ಕೊರತೆಯೂ ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ, ಆದರೆ ಅದರ ಕಾರಣವೂ ಸಾಮಾನ್ಯವಾಗಿ ಇದೇ ಆದ್ದರಿಂದ ತಲೆ ಕೆಡಿಸಿಕೊಳ್ಳಬೇಡಿ.

ಹಳೆ ಎಲೆ ಮೊದಲು ಹಳದಿಯಾಗಿ ಉದುರುತ್ತಿದೆ, ತುದಿ ಹಸಿರಾಗಿದೆ ಅಂದರೆ ಕಥೆ ಬೇರೆ. ಇಡೀ ಹಳೆ ಎಲೆ ಒಂದೇ ಸಮ ಹಳದಿ ಅಂದರೆ ಸಾರಜನಕ ಕಡಿಮೆ, ಸಗಣಿ ಗೊಬ್ಬರ ಸಾಕು. ಹಳೆ ಎಲೆಯ ಮೇಲೆ ಅಂಕುಡೊಂಕಾದ ನೇರಳೆ-ಕಂದು ಚುಕ್ಕೆಗಳಿದ್ದರೆ ಪೊಟ್ಯಾಷ್ ಕೊರತೆ ಇರಬಹುದು. ಕೇಪಳದಲ್ಲಿ ಇದು ಕಾಣುವುದುಂಟು. ಇದನ್ನು ರೋಗದ ಚುಕ್ಕೆ ಅಂತ ಅಂದುಕೊಂಡು ಶಿಲೀಂಧ್ರದ ಔಷಧ ಹೊಡೆಯುವವರು ಜಾಸ್ತಿ.

ಮೇಲೆ ಕೆಳಗೆ ಎಲ್ಲ ಎಲೆಯೂ ಒಟ್ಟಿಗೆ ಹಳದಿ, ಮಣ್ಣು ಒದ್ದೆ ಇದ್ದರೂ ಗಿಡ ಜೋತುಬಿದ್ದಿದೆ ಅಂದರೆ ಬೇರು ಕೊಳೆಯುತ್ತಿದೆ. ಮಣ್ಣು ಅಗೆದು ಮೂಸಿ ನೋಡಿ, ಚರಂಡಿ ವಾಸನೆ ಬರುತ್ತದೆ. ಬೇರಲ್ಲಿ ಗಂಟು ಗಂಟು ಕಂಡರೆ ಜಂತುಹುಳ (ನೆಮಟೋಡ್). ಎಲೆ ಅಂಟಂಟಾಗಿ ಮೇಲೆ ಕಪ್ಪು ಮಸಿ ಕೂತಿದ್ದರೆ, ಇರುವೆ ಓಡಾಡುತ್ತಿದ್ದರೆ, ಎಲೆ ತಿರುಗಿಸಿ ನೋಡಿ, ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಕೂತಿರುತ್ತದೆ. ಸೋಪಿನ ನೀರು ಹೊಡೆದು, ಇರುವೆ ಹತ್ತುವ ದಾರಿ ಮುರಿದರೆ ಸರಿಹೋಗುತ್ತದೆ.

ಇನ್ನೊಂದು ಮಾತು. ಬೆಂಗಳೂರಲ್ಲಿ ಡಿಸೆಂಬರ್, ಜನವರಿ ತಿಂಗಳಲ್ಲಿ ಮಾತ್ರ ತುದಿ ಎಲೆ ಸ್ವಲ್ಪ ಬಿಳಿಚಿ, ಬಿಸಿಲು ಏರಿದ ಮೇಲೆ ತಾನಾಗಿ ಸರಿಯಾದರೆ ಸುಮ್ನೆ ಬಿಟ್ಟುಬಿಡಿ. ಕೇಪಳಕ್ಕೆ ಚಳಿ ಆಗುವುದಿಲ್ಲ, ಮಣ್ಣು ತಣ್ಣಗಾದರೆ ಬೇರು ಸೋಮಾರಿಯಾಗುತ್ತದೆ.

ನನ್ನ ಗಿಡದ್ದು ಮೊದಲು ಹೇಳಿದ ಬಗೆ, ಕಬ್ಬಿಣ ಸಿಗದ್ದು. ಮುಂದೆ ಬರೆಯುವುದೆಲ್ಲ ಅದರ ಬಗ್ಗೆಯೇ.

ನಾನು ಹಾಕಿದ ತಪ್ಪು ಮದ್ದುಗಳು

ಡಿಎಪಿ ಹಾಕಿದೆ. ಗಿಡ ಇನ್ನೂ ಹಳದಿಯಾಯಿತು. ಯಾಕೆಂದರೆ ಅದರಲ್ಲಿರುವ ರಂಜಕ ಜಾಸ್ತಿಯಾದರೆ ಕಬ್ಬಿಣವನ್ನು ಹಿಡಿದು ಕೂರಿಸಿಬಿಡುತ್ತದೆ, ಬೇರಿಗೆ ಸಿಗುವ ಅಷ್ಟಿಷ್ಟೂ ಹೋಗುತ್ತದೆ.

ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದೆ, ಪಕ್ಕದ ಮನೆಯವರು ಕೊಟ್ಟ ಬೂದಿಯನ್ನೂ ಎರಚಿದೆ. ಮೊಟ್ಟೆ ಸಿಪ್ಪೆ ಅಂದರೆ ಸುಣ್ಣವೇ, ಬೂದಿ ಅಂದರೆ ಕ್ಷಾರ. ಎರಡೂ ಕೇಪಳಕ್ಕೆ ಆಗದವು, ಯಾಕೆ ಅಂತ ಮುಂದೆ ಹೇಳುತ್ತೇನೆ. ಟೊಮೆಟೊಗೆ, ಗುಲಾಬಿಗೆ ಯಾರೋ ಹೇಳಿದ್ದನ್ನು ಎಲ್ಲ ಗಿಡಕ್ಕೂ ಹಾಕುವ ಚಟ ನನಗೊಬ್ಬಳಿಗೇ ಇರಲಿಕ್ಕಿಲ್ಲ.

ಮಾರ್ಚ್‌ನಲ್ಲಿ ಎಪ್ಸಮ್ ಸಾಲ್ಟ್. ಅದು ಮೆಗ್ನೀಸಿಯಂ, ಅದರ ಕೊರತೆ ಹಳೆ ಎಲೆಯಲ್ಲಿ ಕಾಣಬೇಕು. ನನ್ನ ಗಿಡದ ಹಳೆ ಎಲೆ ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿತ್ತು. ಕೆಡುಕೇನೂ ಆಗಲಿಲ್ಲ, ದುಡ್ಡು ಹೋಯಿತು.

ಕಾಫಿ ಚರಟವನ್ನೂ ಬಿಡಲಿಲ್ಲ. ಕೇಪಳ ಮತ್ತು ಕಾಫಿ ಒಂದೇ ಕುಟುಂಬದ ಗಿಡಗಳು, ಹಾಗಾಗಿ ಹೊಂದಿಕೊಳ್ಳುತ್ತವೆ ಅಂತ ನನ್ನ ವಾದ! ಚರಟ ಹುಳಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹುಳಿಯ ಅಂಶ ಬಹುಪಾಲು ಡಿಕಾಕ್ಷನ್‌ಗೇ ಇಳಿದಿರುತ್ತದೆ, ಫಿಲ್ಟರಲ್ಲಿ ಉಳಿದದ್ದರಲ್ಲಿ ಅಂಥ ಹುಳಿ ಇರುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿ, ಒಳ್ಳೆಯದೇ. ಈ ಕಾಯಿಲೆಗೆ ಮದ್ದಲ್ಲ.

ಕಬ್ಬಿಣವೇ ಅಂತ ಖಚಿತ ಮಾಡಿಕೊಳ್ಳುವುದು

ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ ಅಂತ ಕೇಳಿ. ಫೆರಸ್ ಸಲ್ಫೇಟ್ ಅಂದರೂ ಕೊಡುತ್ತಾರೆ. ತಿಳಿ ಹಸಿರು ಹರಳು ಇರಬೇಕು. ಹಳದಿ-ಕಂದು ಪುಡಿಯಾಗಿದ್ದರೆ ಹಳೆಯ ಸರಕು, ಗಾಳಿ ತಾಗಿ ತುಕ್ಕಾಗಿದೆ, ತರಬೇಡಿ.

ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಮಳೆನೀರು ಅಥವಾ ಆರ್‌ಓ ನೀರು, ಇನ್ನೊಂದರಲ್ಲಿ ನಿಮ್ಮ ಬೋರ್ ನೀರು. ಎರಡಕ್ಕೂ ಒಂದೊಂದು ಚಿಟಿಕೆ ಅನ್ನಭೇದಿ ಹಾಕಿ ಕಲಕಿ. ನನ್ನ ಅಡುಗೆ ಕಟ್ಟೆಯ ಮೇಲೆ ಆದದ್ದು ಹೀಗೆ: ಆರ್‌ಓ ನೀರು ತಿಳಿಯಾಗಿಯೇ ಉಳಿಯಿತು. ಬೋರ್ ನೀರು ಮೊದಲು ಹಸಿರು ಮಡ್ಡಿಯಾಯಿತು, ನಾನು ಒಂದು ಕುಕ್ಕರ್ ಅನ್ನ ಇಳಿಸುವಷ್ಟರಲ್ಲಿ ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ ಕೂತಿತ್ತು. ಆ ಗಸಿ ತುಕ್ಕು. ತುಕ್ಕನ್ನು ಬೇರು ಕುಡಿಯಲಾರದು. ಏಪ್ರಿಲ್‌ನಲ್ಲಿ ನಾನು ಹಿಡಿಗಟ್ಟಲೆ ಅನ್ನಭೇದಿಯನ್ನು ಮಣ್ಣಿಗೆ ಸುರಿದು, ಮೇಲೆ ಬೋರ್ ನೀರು ಬಿಟ್ಟಿದ್ದೆನಲ್ಲ, ಅಲ್ಲಿ ಆಗಿದ್ದೂ ಇದೇ. ಒಟ್ಟಾರೆ ಲಾಭ ಅಂದರೆ ಅಂಗಳದ ಟೈಲ್ಸ್ ಮೇಲೆ ಕಂದು ಕಲೆ, ಅದು ಇವತ್ತಿಗೂ ಹೋಗಿಲ್ಲ.

ಈಗ ಎಲೆಯ ಪರೀಕ್ಷೆ. ಆರ್‌ಓ ನೀರು ಹಾಕಿದ ಒಂದು ಲೋಟಕ್ಕೆ ಅರ್ಧ ಗ್ರಾಂ, ಅಂದರೆ ಒಂದು ಚಿಟಿಕೆ ಅನ್ನಭೇದಿ, ನಾಲ್ಕು ಹನಿ ನಿಂಬೆರಸ. ಹತ್ತಿಯಲ್ಲಿ ಅದ್ದಿ, ತುದಿಯ ಒಂದು ಎಳೆ ಹಳದಿ ಎಲೆಯ ಬಲ ಅರ್ಧಕ್ಕೆ ಮಾತ್ರ ಮೇಲೂ ಕೆಳಗೂ ಸವರಿ. ಎಡ ಅರ್ಧ ಮುಟ್ಟಬೇಡಿ. ಸಂಜೆ ಹೊತ್ತು ಮಾಡಿ, ಬಿಸಿಲಲ್ಲಿ ಮಾಡಿದರೆ ಎಲೆ ಸುಡುತ್ತದೆ. ಕೊಂಬೆಗೆ ದಾರ ಕಟ್ಟಿ ಗುರುತಿಡಿ.

ಎಂಟನೇ ದಿನ ನೋಡಿದಾಗ ನನ್ನ ಎಲೆಯ ಬಲಭಾಗ ಹಸಿರು, ಎಡಭಾಗ ಹಳದಿ, ಮಧ್ಯದ ನರವೇ ಗಡಿ. ಮನೆಯವರನ್ನೆಲ್ಲ ಕರೆದು ತೋರಿಸಿದೆ, ಅತ್ತೆಗೆ ಫೋಟೋ ಕಳಿಸಿದೆ. ಹೀಗಾದರೆ ಅನುಮಾನವೇ ಬೇಡ, ಕಬ್ಬಿಣವೇ. ಹತ್ತು ದಿನವಾದರೂ ಏನೂ ಬದಲಾಗದಿದ್ದರೆ ಬೇರು, ಒದ್ದೆ, ಹುಳದ ಕಡೆ ನೋಡಿ.

ಹಾಗಾದರೆ ಮಣ್ಣಲ್ಲಿ ಕಬ್ಬಿಣವಿಲ್ಲವೇ?

ಇದೆ, ಬೇಕಾದಷ್ಟಿದೆ. ನಮ್ಮ ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಉಗ್ರಾಣ ತುಂಬಿದೆ, ಬಾಗಿಲಿಗೆ ಬೀಗ ಬಿದ್ದಿದೆ. ಬೀಗ ಹಾಕಿದ್ದು ಸುಣ್ಣ.

ಕೇಪಳಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಅಂದರೆ ಹುಳಿ, ಜಾಸ್ತಿ ಅಂದರೆ ಕ್ಷಾರ) 5ರಿಂದ 6ರ ಆಸುಪಾಸು ಇದ್ದರೆ ಖುಷಿ. ಕರಾವಳಿಯಲ್ಲಿ ಸುರಿಯುವ ಮಳೆ ಸುಣ್ಣವನ್ನೆಲ್ಲ ತೊಳೆದು ಸಮುದ್ರಕ್ಕೆ ಹೊತ್ತಿದೆ, ಅಲ್ಲಿನ ಮುರಕಲ್ಲಿನ ಮಣ್ಣು ತಾನಾಗೇ ಹುಳಿ. ಪಿಎಚ್ 7 ದಾಟಿತೋ, ಕಬ್ಬಿಣ ನೀರಲ್ಲಿ ಕರಗುವುದು ತೀರಾ ಕಡಿಮೆಯಾಗುತ್ತದೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣಲ್ಲಿ ಸುಣ್ಣದ ಹರಳು ಮೊದಲೇ ಬೆರೆತಿರುತ್ತದೆ. ಅಲ್ಲಿ ನೆಲದಲ್ಲಿ ಕೇಪಳ ಹಾಕುವ ಆಸೆ ಬಿಡುವುದೇ ಮೇಲು, ಕುಂಡದಲ್ಲಿ ಹಾಕಿ.

ಬೆಂಗಳೂರಿನ ಮಣ್ಣು ಹಾಗೇನೂ ಅಲ್ಲವಲ್ಲ, ಇಲ್ಲಿಗೆ ಸುಣ್ಣ ಎಲ್ಲಿಂದ ಬಂತು? ನನ್ನ ಅಂಗಳದಲ್ಲಿ ಎರಡು ದಾರಿಯಿಂದ ಬಂದಿತ್ತು.

ಒಂದು ಗೋಡೆ. ಮನೆ ಕಟ್ಟುವಾಗ ಗಾರೆ ಕಲಸಿದ್ದು ಅಲ್ಲೇ, ಉಳಿದ ಸಿಮೆಂಟು, ಪ್ಲಾಸ್ಟರ್ ಚೂರು, ಇಟ್ಟಿಗೆ ಎಲ್ಲವನ್ನೂ ಅಲ್ಲೇ ಹೂತು ಮೇಲೆ ಒಂದಡಿ ಕೆಂಪು ಮಣ್ಣು ಹಾಸಿ ಕೊಟ್ಟಿದ್ದರು. ಪರೀಕ್ಷೆ ಸುಲಭ. ಗಿಡದ ಬುಡದಿಂದ ಒಂದು ಚಮಚ ಒಣ ಮಣ್ಣು ತಟ್ಟೆಗೆ ಹಾಕಿ ವಿನೆಗರ್ ಸುರಿಯಿರಿ, ಕಿವಿ ಹತ್ತಿರ ಹಿಡಿಯಿರಿ. ಸುರ್ ಅಂತ ನೊರೆ ಬಂದರೆ ಸುಣ್ಣ ಇದೆ. ನನ್ನ ಸಾಲಿನಲ್ಲಿ ಗೇಟಿನ ಪಕ್ಕದ ಎರಡು ಗಿಡದ ಮಣ್ಣು ಸೋಡಾ ಬಾಟಲಿಯ ಹಾಗೆ ಸದ್ದು ಮಾಡಿತು. ಉಳಿದ ಕಡೆ ಸದ್ದಿಲ್ಲ.

ಎರಡನೆಯದು ನೀರು. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ, ನಲ್ಲಿ ಬಾಯಲ್ಲಿ ಬಿಳಿ ಹೆಕ್ಕಳೆ, ಕುಂಡದ ಹೊರಮೈಯಲ್ಲಿ ಬಿಳಿ ಗೆರೆ ಇದ್ದರೆ ಬೇರೆ ಪರೀಕ್ಷೆ ಬೇಡ. ಆ ನೀರಿನ ಬೈಕಾರ್ಬನೇಟ್ ದಿನಾ ಒಂದೊಂದು ಮಗ್ ಲೆಕ್ಕದಲ್ಲಿ ಮಣ್ಣಿಗೆ ಇಳಿಯುತ್ತದೆ, ನೀವು ಕೈಯಾರೆ ಸುಣ್ಣ ಹಾಕಿದ ಹಾಗೆ. ನಾನು ಮೊದಲು ಅರಿಶಿನ ಹಾಕಿ ನೋಡಿದ್ದೆ, ಕೆಂಪಾಗಲಿಲ್ಲ, ನೀರು ಸರಿಯಿದೆ ಅಂದುಕೊಂಡೆ. ಅರಿಶಿನ ಕೆಂಪಾಗಲು ಪಿಎಚ್ ಎಂಟೂವರೆ ದಾಟಬೇಕು, ಬೋರ್ ನೀರು ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಪಿಎಚ್ ಪಟ್ಟಿ ತರಿಸಿ.

ಇನ್ನೊಂದು, ಆರ್‌ಓ ಯಂತ್ರದಿಂದ ಹೊರಬರುವ ವೇಸ್ಟ್ ನೀರನ್ನು ಪೋಲು ಮಾಡಬಾರದು ಅಂತ ಗಿಡಕ್ಕೆ ಹಾಕುತ್ತೇವಲ್ಲ, ಅದರಲ್ಲಿ ಉಪ್ಪು, ಸುಣ್ಣ ಇನ್ನೂ ಜಾಸ್ತಿ. ನೆಲ ಒರೆಸಲು ಬಳಸಿ. ಕೇಪಳಕ್ಕೆ ಮಾತ್ರ ಬೇಡ.

ಸರಿ ಮಾಡುವುದು ಹೇಗೆ

ಎಲೆಗೆ ಹೊಡೆಯುವುದು ಮೊದಲ ಹೆಜ್ಜೆ. ಒಂದು ಲೀಟರ್ ಆರ್‌ಓ ಅಥವಾ ಮಳೆನೀರಿಗೆ 3 ಗ್ರಾಂ ಅನ್ನಭೇದಿ, ಒಂದು ಚಮಚ ನಿಂಬೆರಸ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಹತ್ತು ದಿನಕ್ಕೊಮ್ಮೆ, ಸಂಜೆ, ಮೂರು ಸಲ. ಅವತ್ತೇ ಕಲಸಿ ಅವತ್ತೇ ಮುಗಿಸಿ. ಹಳೆ ಬಟ್ಟೆ ಹಾಕಿಕೊಳ್ಳಿ. ಇದು ಹಸಿದವನಿಗೆ ಗ್ಲೂಕೋಸ್ ಹಾಕಿದ ಹಾಗೆ, ಆಮೇಲೆ ಬರುವ ಎಲೆ ಮತ್ತೆ ಹಳದಿಯಾಗುತ್ತದೆ, ಬೇರಿನ ಕೆಲಸ ಬೇರೆ ಮಾಡಬೇಕು.

ಬೇರಿಗೆ ಹಾಕಲು ಚೀಲೇಟ್ ಮಾಡಿದ ಕಬ್ಬಿಣ, ಅಂದರೆ ತುಕ್ಕಾಗದ ಹಾಗೆ ಇನ್ನೊಂದು ರಾಸಾಯನಿಕ ಹಿಡಿದುಕೊಂಡಿರುವ ಕಬ್ಬಿಣ, ಸಿಗುತ್ತದೆ. ಇಲ್ಲಿ ಮೋಸ ಹೋಗುವುದು ಸುಲಭ. ಅಂಗಡಿಯಲ್ಲಿ ಜಾಸ್ತಿ ಸಿಗುವ ಹಳದಿ ಪುಡಿ ಇಡಿಟಿಎ, ಪೊಟ್ಟಣದ ಮೇಲೆ 12% ಕಬ್ಬಿಣ ಅಂತಿರುತ್ತದೆ. ಅದು ಎಲೆಗೆ ಹೊಡೆಯಲು ಸರಿ, ಆದರೆ ಕ್ಷಾರದ ಮಣ್ಣಿಗೆ ಬಿದ್ದರೆ ಕಬ್ಬಿಣವನ್ನು ಬಿಟ್ಟುಬಿಡುತ್ತದೆ. ನಿಮಗೆ ಬೇಕಾದದ್ದು ಇಡಿಡಿಎಚ್ಎ. 6% ಅಂತಲೇ ಬರೆದಿರುತ್ತದೆ, ಬೆಲೆ ಜಾಸ್ತಿ. ಅಂಗಡಿಯವ "ಇದರಲ್ಲಿ ಡಬಲ್ ಕಬ್ಬಿಣ ಇದೆ ಮೇಡಂ, ರೇಟೂ ಕಮ್ಮಿ" ಅಂತ ಹಳದಿ ಪುಡಿಯನ್ನೇ ಕೈಗೆ ಕೊಡುತ್ತಾನೆ. ತಗೊಳ್ಳಬೇಡಿ. ಇಡಿಡಿಎಚ್ಎ ಕಪ್ಪು-ಕಂದು ಹರಳು, ನೀರಿಗೆ ಹಾಕಿದರೆ ಕೋಕಂ ಶರಬತ್ತಿನ ಬಣ್ಣ. ಪಿಎಚ್ 8 ದಾಟಿದರೂ ಕಬ್ಬಿಣವನ್ನು ಹಿಡಿದುಕೊಂಡೇ ಇರುತ್ತದೆ. ನಾನು ಗಿಡಕ್ಕೆ 3 ಗ್ರಾಂನಂತೆ ಎರಡು ಲೀಟರ್ ನೀರಲ್ಲಿ ಕರಗಿಸಿ ಬುಡಕ್ಕೆ ಹಾಕಿದೆ. ಮೂರು ವಾರದಲ್ಲಿ ಹೊಸ ಚಿಗುರು ಹಸಿರಾಗಿಯೇ ಬಂತು. ಮೊದಲೇ ಹಳದಿಯಾಗಿ ಬಲಿತ ಎಲೆಗಳು ಕೆಲವು ಹಾಗೇ ಉಳಿದವು. ಅವನ್ನು ನೋಡಿ ಬೇಜಾರಾಗಬೇಡಿ, ತುದಿ ನೋಡಿ.

ನೀರನ್ನು ಸರಿ ಮಾಡದಿದ್ದರೆ ಇದೆಲ್ಲ ಪ್ರತಿ ವರ್ಷದ ಖರ್ಚು. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು, ಟೆರೇಸ್ ಪೈಪಿಗೆ ಒಂದು ಡ್ರಮ್ ಇಟ್ಟರೆ ಸಣ್ಣ ಸಾಲಿಗೆ ಬೇಕಾದಷ್ಟಾಗುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಅದರಲ್ಲಿ ಸುಣ್ಣವೇ ಇಲ್ಲ. ಎರಡೂ ಇಲ್ಲದ ಬೇಸಿಗೆಯಲ್ಲಿ ನಾನು 20 ಲೀಟರ್ ಬಕೆಟ್ ಬೋರ್ ನೀರಿಗೆ ಒಂದು ಟೀ ಚಮಚ, ಸುಮಾರು 5 ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಕಲಕುತ್ತೇನೆ. ಬಕೆಟ್ಟಿನ ಅಂಚಲ್ಲಿ ಸಣ್ಣ ಗುಳ್ಳೆ ಏಳುತ್ತವೆ, ಅದು ಬೈಕಾರ್ಬನೇಟ್ ಹೋಗುತ್ತಿರುವುದು. ಪಟ್ಟಿ ಅದ್ದಿದರೆ 6ರ ಹತ್ತಿರ ತೋರಿಸಬೇಕು. ನಿಮ್ಮ ನೀರು ನನ್ನ ನೀರಿಗಿಂತ ಗಡುಸೋ ಮೆದುವೋ ಇರಬಹುದು, ಹಾಗಾಗಿ ಪಟ್ಟಿ ನೋಡದೆ ಚಮಚ ಏರಿಸಬೇಡಿ.

ಮಣ್ಣಿಗೆ ಗಂಧಕದ ಪುಡಿ, ಒಂದು ಚದರ ಅಡಿಗೆ ಒಂದು ಟೀ ಚಮಚ, ಮೇಲಿನ ಎರಡಿಂಚು ಮಣ್ಣಲ್ಲಿ ಬೆರೆಸಿ ಒಣಗಿದ ಎಲೆ ಮುಚ್ಚಿ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನಿಧಾನಕ್ಕೆ ಆಮ್ಲ ಮಾಡುತ್ತವೆ. ಅದಕ್ಕೆ ಎರಡು ಮೂರು ತಿಂಗಳು ಬೇಕು, ತೇವವೂ ಬೇಕು. ಹದಿನೈದು ದಿನಕ್ಕೆ ಏನೂ ಕಾಣಲಿಲ್ಲ ಅಂತ ಮತ್ತೆ ಹಾಕಿದರೆ ಬೇರು ಸುಡುತ್ತದೆ. ಹಾಕುವ ಮೊದಲು ಮಣ್ಣಿನ ಪಿಎಚ್ ಗೊತ್ತಿದ್ದರೆ ಒಳ್ಳೆಯದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ.

ವಿನೆಗರಿಗೆ ಸುರ್ ಅಂದ ಮಣ್ಣಿಗೆ ಮಾತ್ರ ಗಂಧಕ ದಂಡ. ಒಂದು ಕಿಲೋ ಸುಣ್ಣ ಕರಗಿಸಲು 320 ಗ್ರಾಂ ಗಂಧಕ ಬೇಕು, ಅಲ್ಲಿ ಹೂತ ಗಾರೆ ಎಷ್ಟು ಕಿಲೋ ಅಂತ ಯಾರಿಗೆ ಗೊತ್ತು.

ಹಸಿರಾಯಿತು, ಹೂವಿಲ್ಲ

ಇದಕ್ಕೆ ಜಾಸ್ತಿ ಬರೆಯಬೇಕಿಲ್ಲ. ಎರಡು ಕಾರಣ. ಬಿಸಿಲು ದಿನಕ್ಕೆ ಐದಾರು ಗಂಟೆಗಿಂತ ಕಡಿಮೆ, ಅಥವಾ ಮಾಲಿಯ ಕತ್ತರಿ. ಕೇಪಳ ಮೊಗ್ಗು ಬಿಡುವುದು ಕೊಂಬೆಯ ತುದಿಯಲ್ಲೇ. ಮಾಲಿ ಮೂರು ವಾರಕ್ಕೊಮ್ಮೆ ಬಂದು ಗಿಡವನ್ನು ಮಿಠಾಯಿ ಡಬ್ಬಿಯ ಹಾಗೆ ಚೌಕ ಮಾಡಿ ಹೋದರೆ ಮೊಗ್ಗೆಲ್ಲ ಕಸದ ಬುಟ್ಟಿಗೆ. "ಅಕ್ಕಾ, ಶೇಪ್ ಇಲ್ಲದಿದ್ರೆ ಚೆನ್ನಾಗಿರಲ್ಲ" ಅಂತಾನೆ. ಹೂವು ಮುಗಿದ ಮೇಲೆ ಒಂದು ಸಲ ಕತ್ತರಿಸಿ, ಆಮೇಲೆ ಎರಡು ತಿಂಗಳಾದರೂ ಕತ್ತರಿ ಬಚ್ಚಿಡಿ.

ನನ್ನ ಸಾಲಿನಲ್ಲಿ ಈಗ ಒಂಬತ್ತು ಗಿಡ ನೆಲದಲ್ಲಿವೆ. ಗೇಟಿನ ಪಕ್ಕದ ಎರಡನ್ನು ಎಷ್ಟು ಮಾಡಿದರೂ ಹಸಿರು ನಿಲ್ಲಲಿಲ್ಲ. ಕೊನೆಗೆ ಅಗೆದು ತೆಗೆದೆ. ಒಂದರ ಬೇರು ಅಂಗೈಯಗಲದ ಗಾರೆಯ ಹೆಂಟೆಯನ್ನು ತಬ್ಬಿಕೊಂಡಿತ್ತು, ಬಿಡಿಸಲು ಸ್ಕ್ರೂಡ್ರೈವರ್ ಬೇಕಾಯಿತು. ಎರಡನ್ನೂ ಕೆಂಪು ಮಣ್ಣು, ಕೋಕೋಪೀಟ್, ಎಲೆ ಗೊಬ್ಬರ ತುಂಬಿದ ಕುಂಡಕ್ಕೆ ಹಾಕಿ ಎಸಿ ಪೈಪಿನ ಕೆಳಗಿಟ್ಟೆ. ಆ ಜಾಗಕ್ಕೆ ಸುಣ್ಣಕ್ಕೆ ಹೆದರದ ಕಣಗಿಲೆ ಬಂದಿದೆ. ಕಣಗಿಲೆ ಪೂರ್ತಿ ವಿಷ, ಮಕ್ಕಳಿರುವ ಮನೆಯವರು ಅದನ್ನು ಹಾಕಬೇಡಿ.